ದಾರದ ಆ ತುದಿ

"ದಾರ ಬಿಗಿಯಾಗಿ ಹಿಡ್ಕೊಳ್ಳೇ, ಸಡಿಲ ಬಿಟ್ರೆ ಮಾತು ಬರಲ್ಲ," ಎಂದು ಗದರಿ ಟೀಚರ್ ಪೇಪರ್ ಕಪ್ಪನ್ನು ಕಿವಿಗೆ ಒತ್ತಿಕೊಂಡರು. ಶುಕ್ರವಾರ ಊಟದ ಬಿಡುವಾದ ಮೇಲೆ ಮಾಡಿ ಕಲಿಯುವ ಕ್ಲಾಸು. ಈ ವಾರ ದಾರದ ಫೋನು. ಎಲ್ಲರಿಗೂ ಜೋಡಿ ಸಿಕ್ಕಿ ಉಳಿದವಳು ಎರಡನೇ ಕ್ಲಾಸಿನ ಗುಬ್ಬಿ ಒಬ್ಬಳೇ. ಹಾಗಾಗಿ ಅವಳ ದಾರದ ಇನ್ನೊಂದು ತುದಿಗೆ ಟೀಚರೇ ನಿಲ್ಲಬೇಕಾಯಿತು.

ಅಂಗಳದ ತುಂಬ ಹಲೋ ಹಲೋ. ಒಬ್ಬನಂತೂ ಎಷ್ಟು ಅರಚುತ್ತಿದ್ದನೆಂದರೆ ಅವನ ಗಂಟಲಿಗೆ ಫೋನೇ ಬೇಕಿರಲಿಲ್ಲ. ಗುಬ್ಬಿ ಮಾತ್ರ ಕಪ್ಪಿನೊಳಗೆ ಮೂತಿ ಹುದುಗಿಸಿ, ಏನು ಕೇಳುವುದೆಂದು ಯೋಚಿಸಿ, ಕೊನೆಗೆ ಅವಳಮ್ಮ ಫೋನಿನಲ್ಲಿ ಕೇಳುವ ಹಾಗೇ ಕೇಳಿದಳು: "ಟೀಚರ್, ಊಟ ಆಯ್ತಾ? ಏನ್ ಅಡುಗೆ ಇವತ್ತು?"

ಕಿವಿಯಲ್ಲೇ ಹೇಳಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಗಂಡ ತೀರಿಕೊಂಡ ಮೇಲೆ ಟೀಚರನ್ನು ಯಾರೂ ಹಾಗೆ ಕೇಳಿರಲಿಲ್ಲ. ಒಬ್ಬಳಿಗೋಸ್ಕರ ಏನು ಒಲೆ ಹಚ್ಚುವುದು ಅಂತ ಅವರು ಅಡುಗೆ ಮಾಡುವುದನ್ನೇ ಬಿಟ್ಟಿದ್ದರು. ಇವತ್ತೂ ಡಬ್ಬಿಯಲ್ಲಿ ಬರೀ ಬಿಸ್ಕತ್ತಿತ್ತು.

ಉತ್ತರ ಕೇಳಿಸಿಕೊಳ್ಳಲು ಗುಬ್ಬಿ ತನ್ನ ಕಪ್ಪನ್ನು ಬಾಯಿಂದ ಕಿವಿಗೆ ಒಯ್ದಳು. ಟೀಚರ್ ತಮ್ಮ ಕಪ್ಪನ್ನು ಕಿವಿಯಿಂದ ತೆಗೆಯಲೇ ಇಲ್ಲ.

"ಕೇಳಿಸ್ಲಿಲ್ಲ ಕಣೇ," ನಿಂತಲ್ಲಿಂದಲೇ ಕೂಗಿದರು. "ಇನ್ನೊಂದ್ಸಲ ಕೇಳು."