ಯಾರದೀ ಬಡಿತ

ಹೆರಿಗೆ ಕೋಣೆಯ ಯಂತ್ರ ಕೀಂಯ್ ಎಂದು ಕೂಗಿಕೊಂಡಾಗ ಒಳಗಿದ್ದವರು ಇಬ್ಬರೇ: ನೋವು ತಿನ್ನುತ್ತಿದ್ದ ರಕ್ಷಿತಾ, ಅವಳ ಗಂಡ ಈರೇಶ್. ನರ್ಸ್ ಆಗಷ್ಟೇ ಪಕ್ಕದ ಕೋಣೆಗೆ ಹೋಗಿದ್ದಳು. ರಕ್ಷಿತಾಳ ಹೊಟ್ಟೆಗೆ ಕಟ್ಟಿದ ಬೆಲ್ಟಿನ ಅಡಿಯಲ್ಲೊಂದು ಬಿಲ್ಲೆ. ಅದು ಮಗುವಿನ ಎದೆಬಡಿತ ಹಿಡಿದು ಪರದೆಗೆ ಕಳಿಸುತ್ತಿತ್ತು. ಬೆಳಿಗ್ಗೆಯಿಂದ ನೂರಾ ನಲವತ್ತರ ಆಸುಪಾಸಿನಲ್ಲಿದ್ದ ಅಂಕಿ ಈಗ ಎಂಬತ್ತಕ್ಕೆ ಇಳಿದಿತ್ತು. ನೂರಾ ಹತ್ತಕ್ಕಿಂತ ಕೆಳಗೆ ಹೋದರೆ ಮಗುವಿಗೆ ಉಸಿರು ಸಾಲದಿರಬಹುದು, ತಕ್ಷಣ ಕರೆಯಿರಿ ಎಂದು ಡಾಕ್ಟರ್ ಹೇಮಲತಾ ಹೇಳಿಯೇ ಹೋಗಿದ್ದರು.

ಕರೆಯಬೇಕಿತ್ತು. ಆದರೆ ಈರೇಶ್ ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಎಂಜಿನಿಯರ್. ಅಲ್ಲಿ ಮೆಷಿನ್ ಕೂಗಿದರೆ ಮೊದಲು ಅನುಮಾನ ಪಡುವುದು ಸೆನ್ಸರನ್ನು; ಬಹಳ ಸಲ ತಪ್ಪು ಅದರದ್ದೇ ಆಗಿರುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕಸುಬಿನ ಗುಣವೂ ಅಷ್ಟೇ. ಬಿಲ್ಲೆಯನ್ನು ತುಸು ಪಕ್ಕಕ್ಕೆ ಸರಿಸಿ ಬೆಲ್ಟ್ ಬಿಗಿದ. ಅಂಕಿ ನೂರಾ ಹದಿನೆಂಟಕ್ಕೆ ಬಂತು, ಕೂಗು ನಿಂತಿತು. ಅವನಿಗೆ ಹೋದ ಜೀವ ಬಂದಂತಾಯಿತು.

“ಏನಾತ್ರಿ?” ಎಂದಳು ರಕ್ಷಿತಾ.

“ಏನಿಲ್ಲ, ಬೆಲ್ಟ್ ಲೂಸ್ ಆಗಿತ್ತು. ಈಗ ಸರಿ ಐತಿ.”

ಅವಳು ಕಣ್ಣು ಮುಚ್ಚಿ ಯಂತ್ರದ ಸದ್ದನ್ನೇ ಕೇಳುತ್ತಾ ಮಲಗಿದಳು. ನೋವು ಬಂತು, ಸದ್ದು ಓಡಿತು. ನೋವು ಇಳಿಯಿತು, ಸದ್ದೂ ನಿಧಾನವಾಯಿತು.

“ರೀ, ಇದು ನಂದು ಅನಸ್ತೈತಿ.”

“ಏನು ನಿಂದು?”

“ಈ ಬಡಿತ. ಕೂಸಿಂದಲ್ಲ.”

“ನಿನಗ ಹೆದರಿಕಿ. ನಂಬರ್ ನೋಡು, ನಾರ್ಮಲ್ ಐತಿ.”

ಅವಳು ವಾದ ಮಾಡಲಿಲ್ಲ. ಅವನ ಕೈ ಹಿಡಿದು ಬೆರಳುಗಳನ್ನು ತನ್ನ ಕುತ್ತಿಗೆಯ ನರದ ಮೇಲೆ ಒತ್ತಿಕೊಂಡಳು. ಬೆರಳಿನಡಿ ಒಂದು ಬಡಿತ, ಯಂತ್ರದಲ್ಲಿ ಒಂದು ಬಡಿತ, ಎರಡೂ ಜೊತೆಜೊತೆಗೇ. ಇದು ಇವಳದಾದರೆ ಮಗುವಿನದೆಲ್ಲಿ? ಹಾಗಾದರೆ ಮೊದಲಿನ ಆ ಎಂಬತ್ತೇ ನಿಜವಾಗಿತ್ತೇ? ಈರೇಶ್ ಡಾಕ್ಟರನ್ನು ಕೂಗುತ್ತಾ ಬಾಗಿಲಿಗೆ ಓಡಿದ.

ಹೇಮಲತಾ ಬಂದವರೇ ಬಿಲ್ಲೆ ಸರಿಸಿ ಹುಡುಕಿದರು. ಮಗುವಿನ ಬಡಿತ ಸಿಕ್ಕಿತು, ಎಪ್ಪತ್ತರಲ್ಲಿ ಕುಂಟುತ್ತಿತ್ತು. ರಕ್ಷಿತಾಳನ್ನು ಎಡಮಗ್ಗುಲಿಗೆ ಹೊರಳಿಸಿದರೂ ಏರಲಿಲ್ಲ.

“ಯಾವಾಗಿಂದ ಹೀಗಿದೆ?”

“ಗೊತ್ತಿಲ್ಲ ಮೇಡಂ. ಕೂಗ್ತಿತ್ತು... ನಾನೇ ಸರಿ ಮಾಡಿದೆ.”

ಅವರು ಬೈಯಲಿಲ್ಲ, ಬೈಯುವಷ್ಟು ಹೊತ್ತೂ ಇರಲಿಲ್ಲ. ಸ್ಟ್ರೆಚರ್ ಆಪರೇಷನ್ ಥಿಯೇಟರಿನ ಕಡೆ ಹೊರಟಿತು. ಅದರ ಮೇಲಿಂದ ರಕ್ಷಿತಾ ಅವನನ್ನು ನೋಡಿದಳು. ಅದು ಕೋಪವೋ ಭಯವೋ ಅವನಿಗೆ ಗೊತ್ತಾಗಲಿಲ್ಲ.

ಹೊರಗಿನ ಬೆಂಚಿನಲ್ಲಿ ಅವನ ತಾಯಿ ಗೌರಮ್ಮ ಕೂತಿದ್ದರು. ಥಿಯೇಟರಿನ ಬಾಗಿಲುಗಳು ಎರಡು, ಅಕ್ಕಪಕ್ಕ. ಇನ್ನೊಂದರೊಳಗೂ ಯಾರೋ ಬಸುರಿಯನ್ನು ಒಯ್ದಿದ್ದರು. ಏನಾಯಿತೆಂದು ತಾಯಿ ಕೇಳಿದಾಗ ಆಪರೇಷನ್ ಅಂತಷ್ಟೇ ಹೇಳಿದ. ಅಷ್ಟರಲ್ಲಿ ಒಳಗಿನಿಂದ ಕೂಸೊಂದು ಅತ್ತಿತು.

ಗೌರಮ್ಮ ಎರಡೂ ಕೈ ಎತ್ತಿ ಮುಗಿದರು. “ಶಿವನೇ, ಅತ್ತತಪ್ಪ. ನಮ್ಮ ಕೂಸು ಅತ್ತೈತಿ.”

ಈರೇಶ್ ಒಮ್ಮೆ ಆ ಬಾಗಿಲು ನೋಡಿದ, ಒಮ್ಮೆ ಈ ಬಾಗಿಲು.

“ನಮ್ಮದೇ ಅಂತ ನಿನಗ ಹೆಂಗ ಗೊತ್ತಾತವ್ವ?”