ಬಳಗದಲ್ಲಿ ಕೈ ಮುಗಿದವರು ಒಬ್ಬರೇ

ಬಳಗವನ್ನು ಮುಚ್ಚಲು ಸರೋಜಮ್ಮ ಬೆರಳೆತ್ತಿದ್ದೇ ತಡ, ಗಂಡ ಶಂಕ್ರೆಪ್ಪ ಫೋನ್ ಕಸಿದುಕೊಂಡರು.

"ಆರು ವರ್ಷದ ಗ್ರೂಪ್ ಅದ. ಹಿಂಗ ಸಿಟ್ಟಿಲೆ ಒರಸಿ ಹಾಕ್ತಾರೇನು?"

"ಒಬ್ಬರರ ಬಾಯಿಬಿಟ್ಟು 'ಭಾಳ ಉಪಕಾರ ಆತ್ರಿ' ಅಂದಾರೇನ್ರಿ?"

ಅಂದಿರಲಿಲ್ಲ. ಪುಣೆಯ ವಾಕಡದ ಕನ್ನಡ ಬಳಗದ ವಾಟ್ಸಾಪ್ ಗುಂಪಿನಲ್ಲಿ ನಾನೂರ ಹನ್ನೆರಡು ಮಂದಿ. ಬಾಡಿಗೆ ಮನೆ, ಮಕ್ಕಳ ಡಾಕ್ಟರು, ಜೋಳದ ರೊಟ್ಟಿ ಬಡಿಯುವವರು, ಯಾರಿಗೆ ಏನು ಬೇಕಾದರೂ ಹುಡುಕಿ ಕೊಡುವವರು ಸರೋಜಮ್ಮ. ಕೇಳುವಾಗ 'ಅರ್ಜೆಂಟ್ ಅಕ್ಕಾ'. ಸಿಕ್ಕ ಮೇಲೆ ಎರಡು ನೀಲಿ ಗೆರೆ, ಅಷ್ಟೇ. ನಿನ್ನೆ ಹತ್ತು ಕಡೆ ವಿಚಾರಿಸಿ ಡಾಕ್ಟರ ನಂಬರು ಕೊಟ್ಟರೆ, ರಕ್ಷಿತ ಎಂಬಾಕೆ ಬರೆದದ್ದು: "ಇನ್ನೂ ಹತ್ತಿರದವರು ಯಾರೂ ಇಲ್ವಾ?" ಸರೋಜಮ್ಮನ ಕಣ್ಣಲ್ಲಿ ನೀರೇ ಬಂದಿತ್ತು.

"ಮಾಂತು ಇದ್ದಾನಲ್ಲ," ಎಂದರು ಶಂಕ್ರೆಪ್ಪ.

ಹೌದು, ಮಾಂತು. ವಿಜಯಪುರದಿಂದ ಹೊಸದಾಗಿ ಬಂದವನೆಂದು ಮೂರು ವರ್ಷದ ಹಿಂದೆ ಯಾರೋ ನಂಬರಿನ ಚೀಟಿ ಕೊಟ್ಟಿದ್ದರು. ಕೊನೆಯ ಅಂಕಿ ಒಂದೋ ಏಳೋ ಎಂದು ಕಣ್ಣು ಕಿರಿದು ಮಾಡಿ ನೋಡಿ, ಸರೋಜಮ್ಮನೇ ಸೇರಿಸಿದ್ದರು. ಮುಖ ಕಂಡವರಿಲ್ಲ. ಆದರೆ ಬಳಗದ ಪ್ರತಿ ಸಂದೇಶಕ್ಕೂ ಅವನಿಂದ ಜೋಡಿಸಿದ ಕೈಗಳ ಚಿತ್ರ ತಪ್ಪಿದ್ದಿಲ್ಲ. ನೀರಿನ ಟ್ಯಾಂಕರ್ ಬರುವುದಿಲ್ಲವೆಂದರೂ ನಮಸ್ಕಾರ. ಪಾರ್ಕಿಂಗ್ ಜಾಗಕ್ಕಾಗಿ ಚನ್ನವೀರ, ಪೃಥ್ವಿರಾಜ್ ಒಬ್ಬರ ವಂಶವನ್ನೊಬ್ಬರು ಜಾಲಾಡಿದಾಗ ಇಬ್ಬರಿಗೂ ನಮಸ್ಕಾರ. ಎಂಥ ಸಂಸ್ಕಾರ!

ಬಳಗ ಉಳಿದರೆ ಅಂಥವನ ಕೈಯಲ್ಲಿ ಉಳಿಯಲಿ, ಇಲ್ಲವಾದರೆ ಇವತ್ತೇ ಮುಚ್ಚಲಿ ಎಂದು ಸರೋಜಮ್ಮ ಫೋನ್ ಮಾಡಿದರು. ಹೊಸ್ತಿಲು ದಾಟಿದರೆ ಮರಾಠಿಯೇ ರೂಢಿ. ಫೋನಿನಲ್ಲೂ ಅದೇ ಬಂತು. ತಾವು ಗ್ರೂಪಿನ ಸರೋಜಮ್ಮ, ಭೇಟಿಯಾಗಬೇಕು ಎಂದರು. "ಯಾ, ಯಾ, ತಾಯಿ!" ಎಂದು ಆ ಕಡೆಯೂ ಮರಾಠಿಯಲ್ಲೇ ಬರಮಾಡಿಕೊಂಡು, ಯೆರವಡಾದ ವಿಳಾಸ ಕೊಟ್ಟಿತು. ಪುಣೆಯಲ್ಲಿ ಕನ್ನಡಿಗರಿಬ್ಬರು ಮರಾಠಿ ಮಾತಾಡಿಕೊಳ್ಳುವುದು ಹೊಸತೇನಲ್ಲ.

ಎಂಥ ವಿನಯದ ದನಿ! ಸರೋಜಮ್ಮನಿಗೆ ತಡೆಯಲಾಗಲಿಲ್ಲ. ರಿಕ್ಷಾದಲ್ಲೇ ಅವನನ್ನು ಅಡ್ಮಿನ್ ಮಾಡಿ, ತಾವು ಬಳಗದಿಂದ ಹೊರಬಂದರು.

ಬಾಗಿಲು ತೆರೆದವರಿಗೆ ಅರವತ್ತು ದಾಟಿತ್ತು. ಕೊರಳಲ್ಲಿ ತುಳಸಿಮಾಲೆ. ಸರೋಜಮ್ಮ ಹೋಳಿಗೆಯ ಡಬ್ಬಿ ಕೈಗಿಟ್ಟು, ಮನಸ್ಸು ತುಂಬಿ ಕನ್ನಡದಲ್ಲೇ ಹೇಳಿದರು:

"ನಾನೂರು ಮಂದ್ಯಾಗ ಓದಿ ಕೈ ಮುಗದವರು ನೀವೊಬ್ಬರ ನೋಡ್ರಿ. ಇನ್ನ ಮ್ಯಾಲೆ ಬಳಗ ನಿಮ್ಮದು."

ಅವರು ಕಣ್ಣು ಮುಚ್ಚಿ, ಕೈ ಜೋಡಿಸಿ, ಕೊನೆಯ ತನಕ ಕೇಳಿದರು.

"ಏನರ ಮಾತಾಡ್ರಿ."

"ಮಲಾ ಕಾನಡೀ ಯೇತ ನಾಹೀ, ತಾಯಿ," ಕನ್ನಡ ಬರುವುದಿಲ್ಲವೆಂದು ಅವರು ನಾಚಿಕೊಂಡರು. ಮುಂದೆ ಮರಾಠಿಯಲ್ಲಿ ಹೇಳಿದ್ದು ಇಷ್ಟು: "ನಮ್ಮ ಪಂಢರಪುರದ ವಿಠೋಬ ಮೂಲತಃ ಕನ್ನಡದವನಂತೆ. ಅವನ ಲಿಪಿಯಲ್ಲಿ ದಿನವೂ ಇಷ್ಟೊಂದು ಸ್ತೋತ್ರ ಕಳಿಸುತ್ತೀರಿ. ಓದಲು ಬರದಿದ್ದರೂ ಕೈಯಾದರೂ ಮುಗಿಯಬೇಡವೇ?"