ಜನಸಂಚಾರವಿಲ್ಲದ ದಾರಿ

ಉಪ್ಪು ಬೆಳೆಯುವ ಮಡಿಯ ತುಂಬ ಬೂಟಿನ ಗುರುತುಗಳು. ಅವುಗಳಲ್ಲಿ ತಮ್ಮದು ಯಾವುದೆಂದು ಡ್ರಾಯಿಂಗ್ ಮೇಷ್ಟ್ರಿಗೆ ಥಟ್ಟನೆ ಗೊತ್ತಾಯಿತು. ಹಿಮ್ಮಡಿಯಲ್ಲಿ ನಕ್ಷತ್ರವಿರುವ ಬೂಟು ಇಡೀ ಓಟದ ಬಳಗದಲ್ಲಿ ಅವರೊಬ್ಬರದೇ. ಪಕ್ಕದಲ್ಲಿ ಓಡುತ್ತ "ಬನ್ನಿ, ಬನ್ನಿ, ನೆಲ ಬೆಣ್ಣೆ ಇದ್ದ ಹಾಗಿದೆ" ಎಂದು ನಲವತ್ತು ಜನರನ್ನು ಹುರಿದುಂಬಿಸಿದ್ದೂ ಅವರೇ. ಆ ಬೆಣ್ಣೆ ಈಗ ಈ ಬದುವಿನಿಂದ ಆ ಬದುವಿನವರೆಗೆ ಉತ್ತ ಹೊಲದಂತೆ ಕಾಣುತ್ತಿತ್ತು.

ಅವರು ಬಂದದ್ದು ಇದನ್ನು ನೋಡಲಿಕ್ಕಲ್ಲ. ನಿನ್ನೆ ಭಾನುವಾರ, ಬೆಳಕು ಹರಿಯುವ ಹೊತ್ತಿನ ಓಟದಲ್ಲಿ ಬಳಗದ ಹೊಸ ಸದಸ್ಯೆಯೊಬ್ಬರ ಕೈಗಡಿಯಾರ ಬಿದ್ದುಹೋಗಿತ್ತು. ಹುಡುಕಿಕೊಟ್ಟು ಭೇಷ್ ಅನ್ನಿಸಿಕೊಳ್ಳೋಣವೆಂದು ಶಾಲೆಗೆ ಅರ್ಧ ದಿನ ರಜೆ ಹಾಕಿ ಬಂದಿದ್ದರು. ಇಲ್ಲಿ ನೋಡಿದರೆ ಒಬ್ಬ ಹೆಂಗಸು ಮಂಡಿಯೂರಿ ಒಂದೊಂದೇ ಗುರುತಿಗೆ ಒದ್ದೆ ಜೇಡಿಮಣ್ಣು ಮೆತ್ತುತ್ತಿದ್ದಾಳೆ. ಗುಡಿಸಲಿನ ಕಂಬಕ್ಕೆ ಕಟ್ಟಿದ ಕಂದು ನಾಯಿ ಮೇಷ್ಟ್ರನ್ನು ಕಂಡು ಬೊಗಳಿತು. ಆಕೆ ತಲೆಯೆತ್ತಿದಳು. ಓಡಿಹೋಗಲು ತಡವಾಗಿತ್ತು.

"ಏನಾಯ್ತಕ್ಕಾ ಇಲ್ಲಿ?" ಎಂದರು, ಏನೂ ಅರಿಯದವರ ಹಾಗೆ.

"ನೀವೇ ನೋಡ್ತಿದ್ದೀರಲ್ಲ ಸರ್. ನಾನು, ಯಜಮಾನ್ರು, ಸೊಸೆ, ಮೂರು ಜನ ಇಪ್ಪತ್ತು ದಿನ ಬರಿಗಾಲಲ್ಲಿ ತುಳಿದಿದ್ವಿ. ಗಾಜಿನ ಹಾಗೆ ಆಗಿತ್ತು. ನಾಳಿದ್ದು ಹುಣ್ಣಿಮೆ ಉಬ್ಬರಕ್ಕೆ ಸಮುದ್ರದ ನೀರು ಬಿಡಬೇಕಿತ್ತು."

"ಹೀಗೇ ಬಿಟ್ಟರೆ ಆಗಲ್ವಾ?"

"ನೀರು ಇಂಗಿ ಹೋಗುತ್ತೆ. ಕೂತಷ್ಟು ಉಪ್ಪಿಗೂ ಕೆಸರು ಹತ್ತುತ್ತೆ. ಕೆಸರುಪ್ಪನ್ನ ಯಾರು ಮೂಸ್ತಾರೆ ಸರ್? ಮೊದಲಿಂದ ತುಳೀಬೇಕು. ಅಷ್ಟು ಹೊತ್ತಿಗೆ ಅರ್ಧ ಬೇಸಿಗೆ ಕೈಬಿಟ್ಟು ಹೋಗಿರುತ್ತೆ." ಆಕೆ ಕೈಯ ಮಣ್ಣನ್ನು ಮೊಣಕಾಲಿಗೆ ಒರೆಸಿಕೊಂಡಳು. "ನಿನ್ನೆ ಬೆಳಿಗ್ಗೆ ನಾವೂ, ನಾಯಿನೂ ಊರಲ್ಲಿದ್ವಿ. ಯಾರಿರಬಹುದು, ನಿಮಗೇನಾದ್ರೂ ಗೊತ್ತಾ?"

"ಯಾರೋ ಪಡ್ಡೆ ಹುಡುಗರಿರಬೇಕು" ಎಂದುಬಿಟ್ಟರು ಮೇಷ್ಟ್ರು. "ತಪ್ಪು ಮಾಡಿದವರು ಎದ್ದು ನಿಲ್ಲಿ" ಎಂದು ಮೂವತ್ತು ವರ್ಷ ತರಗತಿಯಲ್ಲಿ ಗುಡುಗಿದ ಬಾಯಿ ಅದು. ಹೇಳುತ್ತಲೇ ಮೆಲ್ಲನೆ ಸರಿದು ತಮ್ಮ ನಕ್ಷತ್ರದ ಗುರುತಿನ ಮೇಲೆ ನಿಂತರು. ಅದು ಮುಚ್ಚಿತು, ನಿಜ. ಆದರೆ ಕಾಲೆತ್ತಿದ ಜಾಗದಲ್ಲಿ ಇನ್ನೊಂದು ನಕ್ಷತ್ರ ಮೂಡಿ ಕೂತಿತ್ತು. ಆಕೆಯ ಕಣ್ಣು ಅಲ್ಲಿಗೆ ಹೋಗಿ ಬಂತು.

ಆಕೆ ಎದ್ದು ಗುಡಿಸಲಿಗೆ ಹೋಗಿ ಬಂದಳು. ಒಂದು ಕೈಯಲ್ಲಿ ಗಡಿಯಾರ, ಇನ್ನೊಂದರಲ್ಲಿ ಒದ್ದೆಯಾಗಿ ಒಣಗಿದ ತೆಳು ಪುಸ್ತಕ. 'ನಮ್ಮ ಸುತ್ತಿನ ಓಟದ ದಾರಿಗಳು.' ದಾರಿ ಹುಡುಕಿ, ಅಳೆದು, ಚಿತ್ರ ಬರೆದು, ಜೆರಾಕ್ಸ್ ಮಾಡಿಸಿ ಮೇಷ್ಟ್ರೇ ಹಂಚಿದ್ದು. ಹಿಂಬದಿಯಲ್ಲಿ 'ಡ್ರಾಯಿಂಗ್ ಮೇಷ್ಟ್ರು' ಎಂಬ ಸಾಲಿನ ಮೇಲೆ ಅವರ ಫೋಟೋ ಹಲ್ಲುಬಿಟ್ಟು ನಗುತ್ತಿತ್ತು.

"ಎರಡೂ ಇಲ್ಲೇ ಬಿದ್ದಿದ್ವು. ತಗೊಳ್ಳಿ ಮೇಷ್ಟ್ರೇ" ಎಂದಳು. ಇಷ್ಟು ಹೊತ್ತು ಸರ್ ಆಗಿದ್ದವರು ಮೇಷ್ಟ್ರಾದರು. ಅವರ ಮುಖ ಹುಳ್ಳಗಾಯಿತು. "ಚಿತ್ರ ಚೆನ್ನಾಗಿ ಬರೆದಿದ್ದೀರಿ. ನಮ್ಮ ಮಡಿನೂ ಇದೆ." ಆಕೆ ಪುಟ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು, ತಡವರಿಸುತ್ತ ಓದಿದಳು: "ನಾಲ್ಕನೇ ದಾರಿ. ಆರು ಕಿಲೋಮೀಟರ್. ಕಡಲ ದಂಡೆಯಿಂದ ಹೊಲಗಳ ತನಕ ಎಲ್ಲೂ ಏರಿಳಿತವಿಲ್ಲ. ನಡುವೆ ಪಾಳು ಬಯಲು, ಪ್ರಕೃತಿಯೇ ಓಟಗಾರರಿಗೆಂದು ಹಾಸಿಟ್ಟ ನುಣುಪು ನೆಲ. ಕಂದು ನಾಯಿಯೊಂದಿದೆ, ಬೊಗಳುತ್ತದೆ, ಕಚ್ಚುವುದಿಲ್ಲ. ಜನಸಂಚಾರವಿಲ್ಲ."

ಮೇಷ್ಟ್ರು ಆಕೆಯ ಮುಖ ನೋಡಲಾರದೆ ಗುಡಿಸಲಿನತ್ತ ನೋಡಿದರು. ಬಾಗಿಲ ಬಳಿ ಹಿಡಿ ಮುರಿದ ನೀಲಿ ಪ್ಲಾಸ್ಟಿಕ್ ಜಗ್ಗು ಇತ್ತು. ವಾರದ ಹಿಂದೆ ಈ ದಾರಿ ಅಳೆಯಲು ಬಂದಿದ್ದಾಗ ಬಿಸಿಲಿಗೆ ಕಣ್ಣು ಕತ್ತಲೆ ಬಂದು ಇದೇ ಬದುವಿನ ಮೇಲೆ ಕುಸಿದಿದ್ದರು. ಆಗ ಈ ಜಗ್ಗಿನಿಂದಲೇ ಅರ್ಧ ಕುಡಿದು, ಅರ್ಧ ತಲೆಗೆ ಸುರಿದುಕೊಂಡು, ಬದುಕಿದೆಯಾ ಬಡಜೀವವೇ ಎಂದು ಎದ್ದು ಹೋಗಿದ್ದರು. ಜಗ್ಗು ನೆನಪಿತ್ತು. ಅದನ್ನು ಚಾಚಿದ ಕೈಯೂ ಮಸುಕಾಗಿ ನೆನಪಿತ್ತು. ಮುಖ ಎಷ್ಟು ತಡಕಾಡಿದರೂ ನೆನಪಾಗಲಿಲ್ಲ, ಯಾಕೆಂದರೆ ಅವತ್ತು ಅವರು ನೋಡಿಯೇ ಇರಲಿಲ್ಲ. ಇಷ್ಟು ನಾಚಿಕೆ ಅವರಿಗೆ ಹುಟ್ಟಿದ ಮೇಲೆ ಆಗಿರಲಿಲ್ಲ.

ಅವರು ಬದುವಿನ ಮೇಲೆ ಕೂತು ಬೂಟು ಬಿಚ್ಚಿದರು. "ಸುಳ್ಳು ಹೇಳಿದೆ ಅಕ್ಕಾ. ಓಡಿಸಿದ್ದು ನಾನೇ. ನಾಳೆ ಎಲ್ಲರನ್ನೂ ಕರ್ಕೊಂಡು ಬರ್ತೀನಿ, ನಲವತ್ತು ಜನ ಬರಿಗಾಲಲ್ಲಿ ತುಳೀತೀವಿ. ನೀವು ಹೇಳಿದ ಹಾಗೆ."

"ತುಳಿಯೋಕೂ ಕಲೀಬೇಕು ಮೇಷ್ಟ್ರೇ" ಎಂದಳು ಆಕೆ. ಬೈಗುಳವೊಂದೂ ಬರಲಿಲ್ಲ. ನಾಲ್ಕು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವರಿಗೆ.

ಇನ್ನೇನು ಮಾಡುವುದೆಂದು ತೋಚದೆ ಜೇಬಿನ ಪೆನ್ನು ತೆಗೆದರು. 'ಜನಸಂಚಾರವಿಲ್ಲ' ಎಂಬುದರ ಮೇಲೆ ಕಾಗದ ಹರಿಯುವಷ್ಟು ಒತ್ತಿ ಗೀಟು ಹಾಕಿದರು. ಆಕೆ ಬಗ್ಗಿ ನೋಡಿದಳು.

"ಅದರ ಹಿಂದಿನ ಸಾಲನ್ನೂ ಹೊಡೆದುಹಾಕಿ. ಯಾರಾದ್ರೂ ನಂಬಿ ಬಂದಾರು" ಎಂದಳು. "ನಮ್ಮ ನಾಯಿ ಕಚ್ಚುತ್ತೆ ಮೇಷ್ಟ್ರೇ. ಅವತ್ತು ಒಂದು ಕೈಲಿ ನಿಮಗೆ ನೀರು ಕೊಡ್ತಾ, ಇನ್ನೊಂದು ಕೈಲಿ ಅದನ್ನ ಹಿಡ್ಕೊಂಡಿದ್ದೆ ನಾನು."